ರಾಯಣ್ಣನ ಹಾಡು ಯಾರ ಆಸ್ತಿ?

ಖಾನಾಪುರ ತಾಲೂಕಿನ ನಂದಗಡದಲ್ಲಿ ಒಂದು ಆಲದ ಮರ ಇದೆ. ಸಂಗೊಳ್ಳಿ ರಾಯಣ್ಣನ ಸಮಾಧಿಯ ಮೇಲೆ ಅವನ ಸಂಗಾತಿ ನೆಟ್ಟ ಮರ ಅಂತ ಆ ಸೀಮೆಯ ಜನ ಹೇಳುತ್ತಾರೆ. 1831ರ ಜನವರಿ 26ರಂದು ಕಂಪನಿ ಸರಕಾರ ಅವನನ್ನು ಗಲ್ಲಿಗೆ ಹಾಕಿದ್ದು ಇದೇ ನಂದಗಡದಲ್ಲಿ. ಪ್ರತಿ ವರ್ಷ ಆ ದಿನ ಅಲ್ಲಿ ಜನ ಸೇರುತ್ತಾರೆ, ಹರಕೆ ಕಟ್ಟುತ್ತಾರೆ, ಹಾಡುತ್ತಾರೆ. ಊರ ಸಾಹುಕಾರರು ಭಾಷಣ ಮಾಡುತ್ತಾರೆ, ಅದು ಬೇರೆ ಮಾತು.

ಒಂದು ವರ್ಷ ಅಲ್ಲಿಗೆ ಹೋಗಿದ್ದಾಗ ನಾವು ಒಂದು ಗೀಗೀ ಮೇಳದ ಹಾಡು ಕೇಳಿದೆವು. ದಪ್ಪು ಹಿಡಿದು ಮುಂದೆ ಹಾಡಿದವಳು ಅರವತ್ತು ದಾಟಿದ ಹೆಣ್ಣುಮಗಳು. ಕೂಲಿ ಮಾಡುವ ಜೀವ. ಸಾಲೆಯ ಮುಖ ಕಂಡವಳಲ್ಲ. ಅವಳ ತಮ್ಮನ ಮಗ ಹಾಡನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಒಂದು ವಿಡಿಯೋ ತಾಣಕ್ಕೆ ಏರಿಸಿದ. ಮೂರನೆಯ ದಿನ ವಿಡಿಯೋದಲ್ಲಿ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಓಲೆ. ಈ ಧ್ವನಿ ಇಂಥಾ ಕಂಪನಿಯ ಸೊತ್ತು, ನೀವು ಕದ್ದಿದ್ದೀರಿ ಎಂಬ ಅರ್ಥದ್ದು. ನಮ್ಮ ಜೊತೆಗಿದ್ದ ಮಾಸ್ತರರು ಅದನ್ನು ಓದಿ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಇಷ್ಟೆ: "ನಮ್ಮವ್ವ ಕಲಿಸಿದ ಪದಾರೀ ಇದು. ಇದರಾಗ ಕಂಪನೀದು ಏನೈತಿ? ಕಂಪನಿ ಸರಕಾರ ಮತ್ತ ಬಂತೇನು?"

ನಾವು ನಕ್ಕೆವು. ಆದರೆ ಆಮೇಲೆ ಅವಳ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ನಗು ಹೋಯಿತು. ಈ ಲೇಖನ ಆ ಹುಡುಕಾಟದ್ದು. ಹಾಡು ಯಾರದು, ಹಕ್ಕು ಯಾರದು, ಕಳ್ಳ ಯಾರು ಎಂಬುದನ್ನು ಈ ನಾಡಿನಲ್ಲಿ ಯಾರು ಯಾವಾಗ ಹೇಗೆ ತೀರ್ಮಾನಿಸಿದರು ಎನ್ನುವ ಚರಿತ್ರೆ.

ನಂದಗಡದಿಂದ ಹಲಸಿ ದೂರವಿಲ್ಲ. ಕದಂಬರ ಕಾಲದ ಪಲಾಶಿಕಾ ಅಂದರೆ ಇದೇ ಹಲಸಿ. ಅಲ್ಲಿ ಸಿಕ್ಕ ತಾಮ್ರಪಟಗಳನ್ನು ಪಂಡಿತರು ಬಹಳ ಹೊಗಳುತ್ತಾರೆ. ರಾಜ ಯಾರಿಗೆ ಎಷ್ಟು ಭೂಮಿ ಕೊಟ್ಟ ಎಂಬುದು ಅವುಗಳಲ್ಲಿದೆ. ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಉತ್ತವನ ಹೆಸರಿಲ್ಲ. ಇಂಥ ದಾನಶಾಸನಗಳ ಕೊನೆಗೆ ಒಂದು ಶಾಪ ಇರುವುದು ವಾಡಿಕೆ: ಈ ಭೂಮಿಯನ್ನು ಕಸಿದವನು 60 ಸಾವಿರ ವರ್ಷ ನರಕದಲ್ಲಿ ಬೇಯಲಿ, ಇಲ್ಲವೆ ಹೇಲಿನ ಹುಳ ಆಗಲಿ. ಇಂದಿನ ಕಾಪಿರೈಟ್ ಕಾಯಿದೆ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು ಕಾಯುತ್ತದೆ. ಅವರು ಮೂರು ಸೊನ್ನೆ ಹೆಚ್ಚು ಹಾಕಿಕೊಂಡಿದ್ದರು. ತಾಮ್ರವಾಗಲಿ ಕಾಗದವಾಗಲಿ, ಬರೆಸಿಕೊಳ್ಳುವ ತಾಕತ್ತು ಇದ್ದವನಿಗೇ ಹಕ್ಕು. ಇದು ನಮಗೆ ಹೊಸದಲ್ಲ.

ರಾಯಣ್ಣನಿಗೂ ಇದು ಗೊತ್ತಿತ್ತು. ಅವನು ಸಂಗೊಳ್ಳಿಯ ಕುರುಬರ ಹುಡುಗ, ಊರ ಕಾವಲಿನ ಚಾಕರಿಯವನು. ಆ ಚಾಕರಿಗೆ ಬಿಟ್ಟ ಹೊಲವೇ ಅವನ ಅನ್ನ. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಇಂಥ ಚಾಕರಿ ಭೂಮಿಗಳ ಲೆಕ್ಕ ಕೇಳಿದರು, ಕಂದಾಯ ಏರಿಸಿದರು, ಕಿತ್ತುಕೊಂಡರು. 1830ರಲ್ಲಿ ರಾಯಣ್ಣ ದಂಡು ಕಟ್ಟಿಕೊಂಡು ಖಾನಾಪುರ ಸೀಮೆಯ ಬೀಡಿಗೆ ಬಂದು ಮಾಡಿದ ಕೆಲಸ ಏನು? ಕಚೇರಿಗೆ ಬೆಂಕಿ ಇಟ್ಟ. ದಫ್ತರ ಸುಟ್ಟ. ಹೊಲ ಯಾರದು ಅಂತ ಹೇಳುವ ಹಕ್ಕು ಉತ್ತವನಿಂದ ಹೋಗಿ ಕಾಗದಕ್ಕೆ ಸಿಕ್ಕಿದೆ ಅನ್ನುವುದು ಓದು ಬರಹ ಇಲ್ಲದ ದಂಡಿಗೂ ತಿಳಿದಿತ್ತು. ಆ ದಂಡಿನಲ್ಲಿ ಸಿದ್ದಿ ಜನಾಂಗದ ಗಜವೀರನಂಥವರಿದ್ದರು, ಬಡ ಕಾವಲುಗಾರರಿದ್ದರು. ಕೊನೆಗೆ ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮದೇ ಗೌಡಿಕೆಯವರು ಕೂಡಿ ಅವನನ್ನು ಹಳ್ಳದಲ್ಲಿ ಹಿಡಿದುಕೊಟ್ಟರು. ಮುಂದಿನದು ಗೊತ್ತೇ ಇದೆ.

ಸತ್ತವನ ಬಗ್ಗೆ ಸರಕಾರದ ಕಡತದಲ್ಲಿ ಉಳಿದದ್ದು ದರೋಡೆಕೋರ ಎಂಬ ಹೆಸರು. ಅವನನ್ನು ವೀರ ಅಂತ ಉಳಿಸಿದ್ದು ಹಾಡು. ಲಾವಣಿ ಕಟ್ಟಿದವರು, ಬೀಸುವ ಕಲ್ಲಿನ ಮುಂದೆ ಕೂತವರು, ಜಾತ್ರೆಯಲ್ಲಿ ದಪ್ಪು ಬಾರಿಸಿದವರು. ಆ ಹಾಡಿಗೆ ಯಾರೂ ರಸೀದಿ ಕೊಡಲಿಲ್ಲ. ಹೊಲ ಹೋಯಿತು, ಪ್ರಾಣ ಹೋಯಿತು, ಹಾಡು ಮಾತ್ರ ಕಂಪನಿಯ ಕೈಗೆ ಸಿಗದೆ ಉಳಿದಿತ್ತು.

ಅದೂ ಕಾಗದಕ್ಕೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಮುಂಬಯಿ ಸಿವಿಲ್ ಸರ್ವಿಸಿನ ಅಧಿಕಾರಿ ಈ ಭಾಗದಲ್ಲಿ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವನು. ಹಲಸಿಯ ತಾಮ್ರಪಟಗಳನ್ನು ಓದಿ ಅಚ್ಚು ಹಾಕಿಸಿದವನೂ ಅವನೇ. 1880ರ ದಶಕದಲ್ಲಿ ಅವನು ನಮ್ಮ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಸಮೇತ 'ಇಂಡಿಯನ್ ಆಂಟಿಕ್ವೆರಿ' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ. ರಾಯಣ್ಣನದು, ಸಂಗ್ಯಾನದು, ಹಲಗಲಿಯ ಬೇಡರದು. ಆ ಪತ್ರಿಕೆಗೆ 1885ರಿಂದ ಅವನೂ ಒಬ್ಬ ಸಂಪಾದಕ. ಫ್ಲೀಟ್ ಕಳ್ಳ ಅಂತ ನಾವು ಹೇಳುವುದಿಲ್ಲ. ನಮ್ಮ ಶಾಸ್ತ್ರಿಗಳು ಮುಟ್ಟದ ಹಾಡನ್ನು ಅವನು ಮುಟ್ಟಿದ, ಕಿವಿಗೊಟ್ಟ, ಬರೆಸಿಕೊಂಡ. ಅವನಿಲ್ಲದಿದ್ದರೆ ಎಷ್ಟೋ ಸಾಲು ಮಣ್ಣಾಗುತ್ತಿತ್ತು. ಆದರೆ ಆಗಿದ್ದೇನು ನೋಡಿ. ಬಂಡಾಯಗಾರನನ್ನು ಗಲ್ಲಿಗೆ ಹಾಕಿದ ಸರಕಾರದ ನೌಕರ ಬಂಡಾಯದ ಹಾಡಿನ ಸಂಗ್ರಾಹಕನಾದ. ಇವತ್ತಿಗೂ ವಿದ್ವಾಂಸರು 'ಫ್ಲೀಟನ ಲಾವಣಿಗಳು' ಅನ್ನುತ್ತಾರೆ. ಹಾಡಿದವರ ಲಾವಣಿಗಳು ಅನ್ನುವುದಿಲ್ಲ.

ಹಾಗಾದರೆ ಕಟ್ಟಿದವರಿಗೆ ಹೆಸರಿನ ಆಸೆಯೇ ಇರಲಿಲ್ಲವೆ? ಜಾನಪದ ಅಂದರೆ ಹೆಸರಿಲ್ಲದ್ದು, ಸಮೂಹ ಕಟ್ಟಿದ್ದು ಅಂತ ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ. ಇದು ಅರ್ಧ ಸುಳ್ಳು. ಲಾವಣಿಯ ಕೊನೆಯ ನುಡಿ ಕೇಳಿ. ಅಲ್ಲಿ ಕವಿ ತನ್ನ ಊರು ಹೇಳುತ್ತಾನೆ, ಊರ ದೇವರು ಹೇಳುತ್ತಾನೆ, ಗುರುವಿನ ಹೆಸರು ಹೇಳುತ್ತಾನೆ. ನಮ್ಮ ಮಕ್ಕಳು ಹತ್ತನೆಯ ಇಯತ್ತೆಯಲ್ಲಿ ಓದಿದ ಹಲಗಲಿ ಬೇಡರ ಲಾವಣಿಯ ಕೊನೆಗೂ ಕುರ್ತಕೋಟಿಯ ಕಲ್ಮೇಶ ಬರುತ್ತಾನೆ. ಶರಣರ ವಚನಕ್ಕೆ ಅಂಕಿತ ಇದ್ದ ಹಾಗೆ. ಪ್ರೆಸ್ಸು ಇಲ್ಲದ, ಕಚೇರಿ ಇಲ್ಲದ ಜನ ತಮ್ಮ ಹಕ್ಕಿನ ಮುದ್ರೆಯನ್ನು ಹಾಡಿನ ಹೊಟ್ಟೆಯೊಳಗೇ ಇಟ್ಟಿದ್ದರು. ಹಾಡಬೇಕಾದರೆ ಮುದ್ರೆಯನ್ನೂ ಹಾಡಬೇಕು. ಬೇರೆಯವರು ಹಾಡಬಾರದು ಅಂತ ಮಾತ್ರ ಅವರು ಹೇಳಲಿಲ್ಲ. ಯಾರ ಹಾಡು ಅಂತ ಮರೀಬ್ಯಾಡ್ರಿ ಅಂದರು. ಹಕ್ಕಿನ ಬಗ್ಗೆ ನಮ್ಮವರಿಗೆ ಇದ್ದ ತಿಳುವಳಿಕೆ ಇದು.

ಕಂಪನಿ ಸರಕಾರದ ತಿಳುವಳಿಕೆ ಬೇರೆ. ಈ ದೇಶದ ಮೊದಲ ಕಾಪಿರೈಟ್ ಕಾಯಿದೆ 1847ರದ್ದು. ರಾಯಣ್ಣ ಸತ್ತು 16 ವರ್ಷಕ್ಕೆ ಅವನನ್ನು ಕೊಂದ ಅದೇ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಬಂದದ್ದು. ಪುಸ್ತಕಕ್ಕೆ ಹಕ್ಕು, ಸರಕಾರದ ದಫ್ತರದಲ್ಲಿ ನೋಂದಣಿ. ಆಮೇಲೆ 1867ರ ಕಾಯಿದೆ ಬಂದು ಅಚ್ಚಾದ ಪುಸ್ತಕದ ಪ್ರತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕು ಅಂದಿತು. ಒಂದು ಕೈ ಹಕ್ಕು ಕೊಟ್ಟಿತು, ಇನ್ನೊಂದು ಕೈ ಯಾರು ಏನು ಬರೆಯುತ್ತಾರೆ ಅಂತ ತಡಕಾಡಿತು. 1914ರಲ್ಲಿ ಇಂಗ್ಲೆಂಡಿನ ಕಾಯಿದೆಯನ್ನೇ ಇಲ್ಲಿಗೆ ತಂದರು. ಸ್ವತಂತ್ರ ದೇಶದ್ದು 1957ರ ಕಾಯಿದೆ, 1958ರ ಜನವರಿಯಿಂದ ಜಾರಿ. ಈ ಎಲ್ಲ ಕಾಯಿದೆಗಳ ಕಣ್ಣಿಗೆ ಕಂಡವನು ಬರೆದವನು, ಅಚ್ಚು ಹಾಕಿದವನು. ಬಾಯಲ್ಲಿ ಹಾಡಿದವನು ಕಾಣಲಿಲ್ಲ.

ಇದು ನಮ್ಮ ಉತ್ಪ್ರೇಕ್ಷೆ ಅಲ್ಲ. 1977ರಲ್ಲಿ ಚಲನಚಿತ್ರ ಸಂಗೀತದ ಹಕ್ಕಿನ ಒಂದು ಖಟ್ಲೆ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಮ್ಮ ತೀರ್ಪಿನ ಅಡಿಗೆ ಪ್ರತ್ಯೇಕವಾಗಿ ಬರೆದರು: ಹಾಡುಗಾರನಿಗೆ ನಮ್ಮ ಕಾಯಿದೆಯಲ್ಲಿ ಏನೂ ಇಲ್ಲ, ಸಂಸತ್ತು ಇದನ್ನು ಯೋಚಿಸಬೇಕು ಅಂತ. ಸಂಸತ್ತು ಯೋಚಿಸಲು 17 ವರ್ಷ ತೆಗೆದುಕೊಂಡಿತು. 1994ರ ತಿದ್ದುಪಡಿ ಮೊದಲ ಬಾರಿಗೆ 'ಪ್ರದರ್ಶಕ' ಎಂಬ ಮನುಷ್ಯನನ್ನು ಗುರುತಿಸಿತು. ಆ ವ್ಯಾಖ್ಯೆಯನ್ನು ನಮ್ಮ ಮಾಸ್ತರರು ಓದಿ ಹೇಳಿದಾಗ ನಮಗೆ ಆಶ್ಚರ್ಯ ಆಯಿತು. ನಟ, ಹಾಡುಗಾರ, ವಾದ್ಯಗಾರ, ನರ್ತಕ ಎಂಬ ಸಾಲಿನಲ್ಲಿ ಲಾಗ ಹಾಕುವವನು, ಕೈಚಳಕದವನು, ಹಾವಾಡಿಗ ಅಂತ ಬರೆದಿದೆ. ಊರ ಹೊರಗೆ ಟೆಂಟು ಹಾಕಿದರೆ ಪೊಲೀಸರು ಓಡಿಸುವ ದೊಂಬರವರು, ಹಾವಾಡಿಗರು ದೇಶದ ಒಂದು ಕಾಯಿದೆಯಲ್ಲಿ ಹಕ್ಕುದಾರರಾಗಿ ಕೂತಿದ್ದಾರೆ! ಪಾಪ, ಅವರಿಗೇ ಗೊತ್ತಿಲ್ಲ.

ಈ ಹಕ್ಕು ಏನು? ಪ್ರದರ್ಶನ ನಡೆದ ಮುಂದಿನ ವರ್ಷದಿಂದ ಮೊದಲು 25, 1999ರ ತಿದ್ದುಪಡಿಯಿಂದ 50 ವರ್ಷ, ಅವಳ ಒಪ್ಪಿಗೆ ಇಲ್ಲದೆ ಅವಳ ಹಾಡನ್ನು ಯಾರೂ ರೆಕಾರ್ಡು ಮಾಡಿ ಮಾರುವಂತಿಲ್ಲ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾಡಿದವಳ ಹೆಸರು ಹಾಕಲೇಬೇಕು ಎಂಬ ಹಕ್ಕು ಬಂತು. ಹಾಡನ್ನು ತಿರುಚಿ ಅವಳ ಮಾನ ಕಳೆದರೆ ತಡೆಯುವ ಹಕ್ಕು ಬಂತು. ಮಾರಾಟದಲ್ಲಿ ಪಾಲು ಬಂತು. ಹೆಸರಿನ ಹಕ್ಕನ್ನು ಅವಳು ಹಣಕ್ಕೆ ಬಿಟ್ಟುಕೊಟ್ಟರೂ ಅದು ಹೋಗುವುದಿಲ್ಲ. ನೋಡಿ, ಲಾವಣಿಕಾರ ಕೊನೆಯ ನುಡಿಯಲ್ಲಿ ಕೇಳಿದ್ದು ಇದನ್ನೇ. ದೆಹಲಿಗೆ ತಿಳಿಯಲು 2012 ಬರಬೇಕಾಯಿತು.

ಆದರೆ ಈ ಮಧ್ಯೆ ಕ್ಯಾಸೆಟ್ಟು ಬಂದು ಹೋಗಿತ್ತು. 80ರ ದಶಕದಲ್ಲಿ ಬೆಳಗಾವಿಯ ಬಸ್‌ಸ್ಟ್ಯಾಂಡಿನ ಸುತ್ತ ನಡೆದಾಡಿದವರಿಗೆ ಆ ಗದ್ದಲ ನೆನಪಿರಬೇಕು. ಕನ್ನಡ ಭಕ್ತಿಗೀತೆ, ಮರಾಠಿ ಲಾವಣಿ, ಎಲ್ಲವ್ವನ ಪದ, ಗೀಗೀ ಪದ ಒಂದರ ಮೇಲೊಂದು ಕೂಗುತ್ತಿದ್ದವು. ಮೇಳದವರನ್ನು ಒಂದು ಕೋಣೆಯಲ್ಲಿ ಕೂಡಿಸಿ, ಊಟ ಹಾಕಿ, ಬಸ್ ಚಾರ್ಜು ಕೊಟ್ಟು, ಮೇಲೆ ಒಂದಿಷ್ಟು ನೋಟು ಕೈಗಿಟ್ಟು ರೆಕಾರ್ಡು ಮಾಡಿಕೊಂಡು ಕಳಿಸಿದ ಕತೆಗಳನ್ನು ನಾವು ಹಾಡುಗಾರರ ಬಾಯಿಂದಲೇ ಕೇಳಿದ್ದೇವೆ. ಕ್ಯಾಸೆಟ್ಟಿನ ಮೇಲೆ ದೇವರ ಚಿತ್ರ, ಕಂಪನಿಯ ಹೆಸರು. ಒಳಗೆ ಹಾಡಿನ ಕೊನೆಯ ನುಡಿ, ಊರು ಗುರು ಹೇಳುವ ನುಡಿ, ನಾವು ಕೇಳಿದ ಕೆಲವು ಕ್ಯಾಸೆಟ್ಟುಗಳಲ್ಲಿ ಇರಲೇ ಇಲ್ಲ. ಟೇಪು ಮುಗಿಯಿತಂತೆ! ಫ್ಲೀಟನಾದರೂ ಹಾಡನ್ನು ಪೂರ್ತಿ ಇಟ್ಟಿದ್ದ.

ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಹಾಡಿದವಳಲ್ಲ, ದುಡ್ಡು ಹಾಕಿ ರೆಕಾರ್ಡು ಮಾಡಿಸಿದ ನಿರ್ಮಾಪಕ. ಆ ಟೇಪು ಆಮೇಲೆ ಸೀಡಿ ಆಯಿತು, ಸೀಡಿ ಜಾಲಕ್ಕೆ ಏರಿತು. ಈಗ ನಂದಗಡದ ಹೆಣ್ಣುಮಗಳ ಸಮಸ್ಯೆಗೆ ಬರೋಣ.

ಜಾಲದಲ್ಲಿ ಕದ್ದ ಮಾಲು ಹಿಡಿಯಲು ಪೊಲೀಸರು ಬೇಕಿಲ್ಲ, ಯಂತ್ರ ಇದೆ. ಇಂಥ ತಾಣಗಳಲ್ಲಿ ದೊಡ್ಡದಾದ ಯೂಟ್ಯೂಬು 2007ರಿಂದ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇಟ್ಟುಕೊಂಡಿದೆ. ಕಂಪನಿಗಳು ತಮ್ಮ ಹಾಡುಗಳ ಮಾದರಿಯನ್ನು ಅದಕ್ಕೆ ಕೊಡುತ್ತವೆ. ಯಾರು ಏನು ಏರಿಸಿದರೂ ಯಂತ್ರ ಆ ಮಾದರಿಯ ಜೊತೆ ಹೋಲಿಸುತ್ತದೆ. ಹೊಂದಿದರೆ ದನಿ ಮುಚ್ಚಬಹುದು, ವಿಡಿಯೋ ತಡೆಯಬಹುದು, ಇಲ್ಲವೆ ಅದರಿಂದ ಬರುವ ಜಾಹೀರಾತಿನ ಕಾಸು ಕಂಪನಿಗೆ ಹೋಗಬಹುದು. ಮಾದರಿ ಕೊಟ್ಟವನು ಆ ಹಾಡನ್ನು ಎಲ್ಲಿಂದ ತಂದ ಅಂತ ಯಂತ್ರ ಕೇಳುವುದಿಲ್ಲ. ಹಾಡಿನ ಧಾಟಿ ಅದೇ, ಮಾತು ಅದೇ, ದಪ್ಪಿನ ಪೆಟ್ಟು ಅದೇ. ಅವ್ವನಿಂದ ಕಲಿತ ಮಗಳು ಅವ್ವನ ಹಾಗೇ ಹಾಡುತ್ತಾಳೆ, ಮತ್ತೆ ಹೇಗೆ ಹಾಡಿಯಾಳು?

ಕಾಯಿದೆ ಮಾತ್ರ ಯಂತ್ರದ ಹಾಗೆ ಹೇಳುವುದಿಲ್ಲ. ಇದನ್ನು ನಮ್ಮ ಕಾರ್ಯಕರ್ತರು ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಕರ್ತೃ ಯಾರೆಂದು ತಿಳಿಯದ ಹಳೆಯ ಹಾಡು, 1880ರ ದಶಕದಲ್ಲೇ ಅಚ್ಚಾದದ್ದು, ಯಾರ ಖಾಸಗಿ ಸೊತ್ತೂ ಅಲ್ಲ. ಕಂಪನಿಗೆ ಹಕ್ಕು ಇರುವುದು ತನ್ನ ಆ ಒಂದು ರೆಕಾರ್ಡಿಂಗಿನ ಮೇಲೆ ಮಾತ್ರ. ಅದೇ ಹಳೆಯ ಹಾಡನ್ನು ಇನ್ನೊಬ್ಬಳು ತನ್ನ ಗಂಟಲಿನಿಂದ ಹಾಡಿದರೆ ಅದು ಬೇರೆ ರೆಕಾರ್ಡಿಂಗು, ಅದರಲ್ಲಿ ಪ್ರದರ್ಶಕಳ ಹಕ್ಕು ಅವಳದೇ. ಅಂದರೆ ಆ ಇಂಗ್ಲಿಷ್ ಓಲೆ ಸುಳ್ಳು. ಸುಳ್ಳು ಓಲೆ ಕೊಟ್ಟವನ ಮೇಲೂ ಕಾಯಿದೆಯಲ್ಲಿ ಒಂದು ಕಲಮು ಇದೆ, 60ನೆಯದು. ಆಧಾರವಿಲ್ಲದೆ ಕಾಪಿರೈಟ್ ಹೆಸರಿನಲ್ಲಿ ಬೆದರಿಸಿದರೆ, ಬೆದರಿಸಿಕೊಂಡವನೇ ಕೋರ್ಟಿಗೆ ಹೋಗಿ ನಾನು ತಪ್ಪು ಮಾಡಿಲ್ಲ ಅಂತ ಘೋಷಣೆ ಪಡೆಯಬಹುದು, ನಷ್ಟ ಕೇಳಬಹುದು. ತನ್ನ ಪ್ರದರ್ಶಕ ಹಕ್ಕನ್ನೇ ಯಾರಾದರೂ ಮುರಿದರೆ 62ನೆಯ ಕಲಮು ಇದೆ. ಹಕ್ಕುದಾರ ವಾಸ ಇರುವ ಊರಿನ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಬಹುದು. ಖಾನಾಪುರದವಳು ಮುಂಬಯಿಗೆ ಹೋಗಬೇಕಿಲ್ಲ, ಬೆಳಗಾವಿಗೆ ಬಂದರೆ ಸಾಕು.

ಸಾಕೇ? ವಕೀಲರ ಫೀಜು ಯಾರು ಕೊಡುತ್ತಾರೆ? ಒಂದು ದಿನದ ಕೂಲಿ ಬಿಟ್ಟು ಬೆಳಗಾವಿಗೆ ಬಂದು ತಾರೀಖು ತೆಗೆದುಕೊಂಡು ಹೋಗುವವಳು ಎಷ್ಟು ತಾರೀಖು ಬಂದಾಳು? ಇನ್ನು ತಾಣದ ಒಳಗಿನ ನ್ಯಾಯ ಬೇರೆಯೇ ಇದೆ. ಯೂಟ್ಯೂಬಿನಲ್ಲಿ ಯಂತ್ರದ ದಾವೆಗೆ ತಕರಾರು ಹಾಕಿದರೆ ಕಂಪನಿಗೆ ಉತ್ತರ ಕೊಡಲು 30 ದಿನ. ಅದು ಮುಂದೆ ಹೋಗಿ, ವಿಡಿಯೋವನ್ನೇ ತೆಗೆಸಿದರೆ ಎದುರು ನೋಟೀಸು ಕೊಡಬೇಕು. ಆ ನೋಟೀಸಿನಲ್ಲಿ ಹೆಸರು ವಿಳಾಸ ಬರೆದು, ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಪ್ಪುತ್ತೇನೆ ಅಂತ ಹೇಳಬೇಕು. 1998ರಲ್ಲಿ ಅಮೆರಿಕ ಮಾಡಿಕೊಂಡ ಡಿಜಿಟಲ್ ಕಾಪಿರೈಟ್ ಕಾಯಿದೆಯ ಪ್ರಕಾರ ಇದು. ನಂದಗಡದ ಆಲದ ಮರದ ಕೆಳಗಿನ ಹಾಡಿಗೆ ಕ್ಯಾಲಿಫೋರ್ನಿಯಾದ ಕಟಕಟೆ! ತೊಂಬತ್ತು ದಿನದೊಳಗೆ ಮೂರು ಸಲ ಇಂಥ ಗುನ್ನೆ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಆದ್ದರಿಂದ ಹುಡುಗರು ಹೆದರಿ ತಾವೇ ಅಳಿಸಿಬಿಡುತ್ತಾರೆ. ನಮ್ಮ ದೇಶದ 2013ರ ನಿಯಮ ಇದಕ್ಕಿಂತ ವಾಸಿ. ದೂರು ಬಂದ 36 ಗಂಟೆಯೊಳಗೆ ಮಧ್ಯವರ್ತಿ ತಡೆ ಹಾಕಬೇಕು, ಸರಿ. ಆದರೆ ದೂರು ಕೊಟ್ಟವನು 21 ದಿನದೊಳಗೆ ಕೋರ್ಟಿನ ಆಜ್ಞೆ ತರದಿದ್ದರೆ ತಡೆ ತೆಗೆಯಬಹುದು. ಹೊರೆ ದೂರುಗಾರನ ಮೇಲೆ. ಇದನ್ನು ಉಲ್ಲೇಖಿಸಿ ಬರೆಯುವವರು ಎಷ್ಟು ಮಂದಿ?

ಹೆದರಿಕೆಗೆ ಕಾರಣವೂ ಇದೆ ಅನ್ನಿ. ಕಾಪಿರೈಟ್ ಮುರಿಯುವುದು ಬರೀ ಸಿವಿಲ್ ತಂಟೆ ಅಲ್ಲ, ಕ್ರಿಮಿನಲ್ ಅಪರಾಧ. 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದ ದಂಡ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದು ಪೊಲೀಸರು ನೇರವಾಗಿ ಹಿಡಿಯಬಹುದಾದ, ಜಾಮೀನು ಹಕ್ಕಿನಿಂದ ಸಿಗದ ಅಪರಾಧ ಅಂತ ಹೇಳಿತು. ನಮ್ಮ ಕರ್ನಾಟಕ ಸರಕಾರ ಇನ್ನೂ ಶೂರ. 1985ರ ಗೂಂಡಾ ಕಾಯಿದೆ ಅಂತ ಒಂದಿದೆ, ಕಳ್ಳಬಟ್ಟಿಯವರು, ಗೂಂಡಾಗಳು, ಜೂಜುಕೋರರನ್ನು ವಿಚಾರಣೆ ಇಲ್ಲದೆ ಒಳಗೆ ಇಡಲು ಮಾಡಿದ್ದು. ಅದಕ್ಕೆ ಆಡಿಯೋ ವಿಡಿಯೋ ಪೈರೇಟು ಸೇರಿದ. 2014ರ ತಿದ್ದುಪಡಿಯಲ್ಲಿ ಆಸಿಡ್ ಹಾಕುವವನ ಜೊತೆಗೆ 'ಡಿಜಿಟಲ್ ಅಪರಾಧಿ' ಎಂಬವನೂ ಸೇರಿದ. ವ್ಯಾಪಾರದ ಉದ್ದೇಶಕ್ಕೆ ಗೊತ್ತಿದ್ದು ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರಿನ ಕಾಪಿರೈಟ್ ಮುರಿದವನು ಅವನು. ಹನ್ನೆರಡು ತಿಂಗಳವರೆಗೆ ಮುಂಜಾಗ್ರತೆಯ ಬಂಧನ. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಯ ಹುಡುಗ, ಪಠ್ಯಪುಸ್ತಕ ಝೆರಾಕ್ಸ್ ಮಾಡಿ ಮಾರುವವನು ಗೂಂಡಾ. ಮೇಳದವರ ಹಾಡಿನಿಂದ ಇಪ್ಪತ್ತು ವರ್ಷ ಕಾಸು ಮಾಡಿ ಹೆಸರು ಹಾಕದವನು ಉದ್ಯಮಿ.

ದೊಡ್ಡವರ ತಂಟೆ ಹೇಗೆ ತೀರುತ್ತದೆ ಅಂತಲೂ ನೋಡಿದ್ದೇವೆ. 2022ರ ನವೆಂಬರ್ 7ರಂದು ಒಂದು ಸಿನಿಮಾ ಹಾಡು ಬಳಸಿದ ದೂರಿನ ಮೇಲೆ ಬೆಂಗಳೂರಿನ ವಾಣಿಜ್ಯ ಕೋರ್ಟು ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಯಲು ಹೇಳಿತು. ಮಾರನೆಯ ದಿನವೇ ಹೈಕೋರ್ಟು ಆ ಆದೇಶ ತೆಗೆಯಿತು, ಆ ತುಣುಕು ತೆಗೆದರೆ ಸಾಕು ಅಂದಿತು. ಅದು ಸರಿಯಾದ ತೀರ್ಪೇ. ಒಂದು ತುಣುಕಿಗಾಗಿ ಇಡೀ ಬಾಯಿ ಮುಚ್ಚಬಾರದು. ನಾವು ಕೇಳುವುದು, ಒಂದೇ ದಿನದಲ್ಲಿ ಆ ನ್ಯಾಯ ಪಡೆಯುವ ವಕೀಲರು ದಪ್ಪಿನ ಹೆಣ್ಣುಮಗಳಿಗೆ ಎಲ್ಲಿ ಸಿಗುತ್ತಾರೆ ಅಂತ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗಾಗುತ್ತದೆ. ಚಳವಳಿಯವರಾದ ನಾವೇನು ಸಾಚಾಗಳೇ? ಎಷ್ಟು ಕವಿಗಳ ಹಾಡನ್ನು ಹೆಸರಿಲ್ಲದೆ ಕರಪತ್ರದಲ್ಲಿ ಹಾಕಿದ್ದೇವೆ? ಎಷ್ಟು ಜಾಥಾಗಳಲ್ಲಿ ಹಾಡಿ, ಕಟ್ಟಿದವನು ಯಾರು ಅಂತ ಹೇಳದೆ ಮುಂದಿನ ಊರಿಗೆ ಹೋಗಿದ್ದೇವೆ? ಹೋರಾಟದ ಹಾಡು ಎಲ್ಲರದೂ ಅನ್ನುವುದು ಕೇಳಲು ಚೆಂದ. ಕಟ್ಟಿದ ಕವಿಯ ಮನೆಯಲ್ಲಿ ಅಕ್ಕಿ ಇತ್ತೋ ಇಲ್ಲವೋ ಕೇಳಿದವರು ಕಡಿಮೆ. 2021ರಲ್ಲಿ ತೀರಿಕೊಂಡ ಸಿದ್ದಲಿಂಗಯ್ಯನವರ ಹಾಡುಗಳ ಹಕ್ಕು ಕಾಯಿದೆಯಂತೆ 2081ರ ಕೊನೆಯವರೆಗೆ ಇರುತ್ತದೆ. ಹಾಗಂತ ಬೀದಿಯಲ್ಲಿ ಹಾಡಲು ಹೆದರಬೇಕಿಲ್ಲ. ಟಿಕೇಟು ಇಲ್ಲದ ಪ್ರೇಕ್ಷಕರ ಮುಂದೆ ಹವ್ಯಾಸಿ ತಂಡ ಹಾಡಿದರೆ, ಆಡಿದರೆ ಅದು ಉಲ್ಲಂಘನೆ ಅಲ್ಲ ಅಂತ 52ನೆಯ ಕಲಮು ಹೇಳುತ್ತದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಕಾರಂತರು ಉಯಿಲು ಬರೆದುಕೊಟ್ಟವರ ಹಕ್ಕನ್ನು ಎತ್ತಿಹಿಡಿದಾಗಲೂ ಇಂಥ ವಿನಾಯಿತಿಗಳು ಉಳಿದೇ ಇರುತ್ತವೆ ಅಂತ ಸ್ಪಷ್ಟಮಾಡಿತು. ಹಾಡಿರಿ, ಆದರೆ ಹೆಸರು ಹೇಳಿ ಹಾಡಿರಿ.

ಹಳ್ಳಿಯ ಮಾಸ್ತರರಿಗೂ ಒಂದು ಮಾತು. ಪಾಠದ ಕೆಲಸಕ್ಕೆ ಪುಸ್ತಕದ ಪುಟ ಪ್ರತಿ ಮಾಡಿಕೊಳ್ಳುವುದು ಶಿಕ್ಷಕ ವಿದ್ಯಾರ್ಥಿಗಳ ಹಕ್ಕು. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ವಿದೇಶಿ ಪ್ರಕಾಶಕರು ಹಾಕಿದ ದಾವೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟು ಹೀಗೇ ಹೇಳಿತು. ಪುಸ್ತಕ ಕೊಳ್ಳಲಾರದ ಹುಡುಗರ ಪರವಾಗಿ ಬಂದ ತೀರ್ಪು ಅದು.

ಪುಸ್ತಕದ ಮಾತು ಬಂದಾಗ ಬಾಬಾಸಾಹೇಬರದು ಹೇಳದೆ ಇರಲಾರೆವು. ಬೆಳಗಾವಿ ಜಿಲ್ಲೆ ಅವರ ಸೀಮೆ. ನಿಪ್ಪಾಣಿಯ ಬಿ.ಎಚ್. ವರಾಳೆ 1937ರಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಮುಂಬಯಿ ಶಾಸನಸಭೆಗೆ ಗೆದ್ದದ್ದು ಇಲ್ಲಿಂದ. 1936ರಲ್ಲಿ ಲಾಹೋರಿನವರು ಭಾಷಣ ರದ್ದು ಮಾಡಿದಾಗ ಅವರು ತಮ್ಮ ಖರ್ಚಿನಲ್ಲೇ 'ಜಾತಿ ವಿನಾಶ'ದ 1500 ಪ್ರತಿ ಅಚ್ಚು ಹಾಕಿಸಿದರು, ಎರಡು ತಿಂಗಳಲ್ಲಿ ಮುಗಿದವು. ಅವರು ತೀರಿಕೊಂಡದ್ದು 1956ರಲ್ಲಿ. ಆಗಿನ ಲೆಕ್ಕದಂತೆ 50 ವರ್ಷ, ಅಂದರೆ 2006ರ ಕೊನೆಗೆ ಅವರು ಬದುಕಿದ್ದಾಗ ಅಚ್ಚಾದ ಬರಹಗಳು ಎಲ್ಲರದೂ ಆಗಬೇಕಿತ್ತು. ಆದರೆ 1991ರ ಕೊನೆಗೆ ರವೀಂದ್ರನಾಥ ಠಾಕೂರರ ಪುಸ್ತಕಗಳ ಹಕ್ಕು ವಿಶ್ವಭಾರತಿಯ ಕೈತಪ್ಪುವುದರಲ್ಲಿತ್ತು. ಅದಕ್ಕಾಗಿ ಅವಸರದ ಸುಗ್ರೀವಾಜ್ಞೆ ತಂದು, 1992ರಲ್ಲಿ ಕಾಯಿದೆ ಮಾಡಿ, ಇಡೀ ದೇಶಕ್ಕೆ 60 ವರ್ಷ ಮಾಡಿದರು. ಠಾಕೂರರಿಗೆ ಕೊಟ್ಟ ಹತ್ತು ವರ್ಷದ ಬೀಗ ಅಂಬೇಡ್ಕರರ ಬರಹಕ್ಕೂ ಬಿತ್ತು. 2017ರ ಜನವರಿ 1ಕ್ಕೆ ತೆರೆಯಿತು. ಅದೂ ಪೂರ್ತಿ ಅಲ್ಲ. ಸತ್ತ ಮೇಲೆ ಮೊದಲು ಪ್ರಕಟವಾದ ಬರಹಕ್ಕೆ ಪ್ರಕಟವಾದ ವರ್ಷದಿಂದ 60 ಎಣಿಸಬೇಕು. 1987ರಲ್ಲಿ ಮಹಾರಾಷ್ಟ್ರ ಸರಕಾರದ ಸಂಪುಟದಲ್ಲಿ ಬಂದು ಗಲಾಟೆ ಎಬ್ಬಿಸಿದ ಹಿಂದೂ ಧರ್ಮದ ಒಗಟುಗಳ ಪುಸ್ತಕಕ್ಕೆ ಈ ಲೆಕ್ಕದಲ್ಲಿ 2047ರವರೆಗೆ ಬೀಗ. ಬೀಗದ ಕೈ ಇದ್ದವರು ಒಳ್ಳೆಯವರೋ ಕೆಟ್ಟವರೋ ಅನ್ನುವುದಲ್ಲ ನಮ್ಮ ಮಾತು. ನಮ್ಮ ಹುಡುಗರು ಅದನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸುವಾಗ ಕಾಯಿದೆಯ ಯಾವ ಗೆರೆಯ ಮೇಲೆ ನಿಂತಿದ್ದೇವೆ ಅಂತ ತಿಳಿದಿರಬೇಕು.

ರಾಯಣ್ಣನ ಪ್ರತಿಮೆಗೆ ಬೆಳಗಾವಿಯಲ್ಲಿ ಜಗಳ ಆಗುತ್ತದೆ. 2020ರಲ್ಲಿ ಪೀರನವಾಡಿಯಲ್ಲಿ ಆಯಿತು, 2021ರ ಡಿಸೆಂಬರಿನಲ್ಲಿ ಅನಗೋಳದಲ್ಲಿ ಪ್ರತಿಮೆ ಒಡೆದಾಗ ಆಯಿತು. ಕನ್ನಡ ಮರಾಠಿ ಎರಡೂ ಕಡೆಯ ಪುಢಾರಿಗಳು ಓಡಿ ಬಂದರು. ಅವನ ಹಾಡಿನ ದನಿ ಮುಚ್ಚಿದಾಗ ಯಾರೂ ಓಡಿ ಬರಲಿಲ್ಲ.

ಆ ಹೆಣ್ಣುಮಗಳ ಪರವಾಗಿ ನಾವು ತಕರಾರು ಬರೆದೆವು. ಹಾಡು ಹಳೆಯದು, ಅಚ್ಚಾದ ಕಾಲ ಇದು, ದನಿ ಅವಳದು, ದಪ್ಪು ಅವಳದು, 60ನೆಯ ಕಲಮು ಹೀಗೆ ಹೇಳುತ್ತದೆ ಅಂತ. ಕಂಪನಿಯಿಂದ ಉತ್ತರ ಬರಲಿಲ್ಲ. ತಿಂಗಳಾದ ಮೇಲೆ ದನಿ ಮರಳಿ ಬಂತು. ಅವಳಿಗೆ ಫೋನು ಮಾಡಿ ಹೇಳಿದರೆ, "ಬಂತಾ? ಬರಲಿ ಬಿಡ್ರಿ" ಅಂದಳು. ಕಳೆ ಕೀಳಲು ಹೊಲಕ್ಕೆ ಹೊರಟಿದ್ದಳು.

ಅದಾದ ಮೇಲೆ ಬೆಳಗಾವಿಯಿಂದ ಒಬ್ಬ ರೆಕಾರ್ಡಿಂಗಿನವನು ಅವಳ ಮೇಳವನ್ನು ಹುಡುಕಿಕೊಂಡು ಹೋಗಿದ್ದ. ಈ ಸಲ ಅವಳ ತಮ್ಮನ ಮಗ ನಮ್ಮನ್ನು ಕೇಳಿ ಒಂದು ಹಾಳೆ ಬರೆಸಿ ಇಟ್ಟುಕೊಂಡಿದ್ದ, ಕನ್ನಡದಲ್ಲಿ. ಯಾವ ಹಾಡು, ಎಷ್ಟು ವರ್ಷಕ್ಕೆ, ಎಷ್ಟು ಪಾಲು, ಹಾಡಿದವರ ಹೆಸರು ಎಲ್ಲಿ ಹಾಕಬೇಕು, ಕೊನೆಯ ನುಡಿ ಕತ್ತರಿಸಬಾರದು ಅಂತ. ಅವಧಿ ಬರೆಯದಿದ್ದರೆ ಕಾಯಿದೆಯೇ ಅದನ್ನು ಐದು ವರ್ಷ ಅಂತ ತಿಳಿಯುತ್ತದೆ, ಹಾಗಾಗಿ ನಾವು ಮೂರು ವರ್ಷ ಅಂತ ಬರೆದಿದ್ದೆವು. ಬಂದವನು ಹಾಳೆ ಓದಿದ, ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ, ಸಾಹೇಬರನ್ನು ಕೇಳಿ ಬರುತ್ತೇನೆ ಅಂದ. ಇನ್ನೂ ಬಂದಿಲ್ಲ.